ಮೀಟಿಂಗಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಾರಿ: ಸ್ವಭಾವ ನೋಡಿ ಮಾತಾಡುವುದು ಹೇಗೆ

ಚಿಕ್ಕಮಗಳೂರಿನ ತೋಟದ ಆಫೀಸಾಗಲಿ, ಕಾಫಿ ಕ್ಯೂರಿಂಗ್ ವರ್ಕ್ಸ್ ಆಗಲಿ, ಹಾಸನದ ಗಾರ್ಮೆಂಟ್ಸ್ ಫ್ಯಾಕ್ಟರಿಯಾಗಲಿ, ಹಾಲಿನ ಸಂಘವಾಗಲಿ, ಮೀಟಿಂಗು ಕೆಡುವ ರೀತಿ ಹೆಚ್ಚುಕಡಿಮೆ ಒಂದೇ. ಇಬ್ಬರು ಮಾತಾಡುತ್ತಾರೆ, ಆರು ಜನ ತಲೆಯಾಡಿಸುತ್ತಾರೆ, ಎಲ್ಲರೂ "ಆಯ್ತು ಸಾರ್" ಎಂದು ಎದ್ದು ಹೋಗುತ್ತಾರೆ. ಎರಡು ದಿನ ಬಿಟ್ಟು ನೋಡಿದರೆ ಕೆಲಸ ಶುರುವೇ ಆಗಿರುವುದಿಲ್ಲ. ಕೇಳಿದರೆ, "ಅವತ್ತೇ ಹೇಳಾಣ ಅಂದ್ಕೊಂಡೆ ಸಾರ್, ಆದ್ರೆ..." ಎನ್ನುತ್ತಾರೆ. ಆ "ಆದ್ರೆ"ಯ ಹಿಂದಿರುವ ವಿಷಯ ಮೀಟಿಂಗಿನಲ್ಲೇ ಹೊರಗೆ ಬರುವಂತೆ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಹೇಳಿದೆ. ಐದರಿಂದ ಹನ್ನೆರಡು ಜನ ಕೂರುವ, ಒಂದು ಗಂಟೆಯೊಳಗೆ ಮುಗಿಯಬೇಕಾದ ಮೀಟಿಂಗುಗಳಿಗೆ ಇದು ಹೊಂದುತ್ತದೆ. ಸರ್ವಸದಸ್ಯರ ಸಭೆಗೆ ಇದನ್ನು ಹಚ್ಚಲು ಹೋಗಬೇಡಿ, ಅದರ ನಿಯಮಗಳೇ ಬೇರೆ.

ಸ್ವಭಾವಕ್ಕೆ ತಕ್ಕಂತೆ ಮಾತಾಡುವುದು ಎಂದರೆ ಒಬ್ಬೊಬ್ಬರ ಮುಂದೆ ಒಂದೊಂದು ವೇಷ ಹಾಕುವುದಲ್ಲ. ಅರ್ಧ ಕೆಲಸ ಮಾತಿಗಿಂತ ಮುಂಚೆಯೇ ಆಗಬೇಕು: ಮೀಟಿಂಗಿನ ಚೀಟಿ ಯಾವಾಗ ಹೋಗುತ್ತದೆ, ಪ್ರಶ್ನೆ ಹೇಗಿರುತ್ತದೆ, ಮೊದಲು ಯಾರು ಮಾತಾಡುತ್ತಾರೆ. ಇಷ್ಟು ಸರಿ ಮಾಡಿದವರಿಗೆ ಮಾತಿನ ಧಾಟಿ ಬದಲಿಸುವ ಕಷ್ಟ ಅಷ್ಟಾಗಿ ಬರುವುದಿಲ್ಲ.

1. ನಡೆ ಗಮನಿಸಿ, ಹಣೆಪಟ್ಟಿ ಕಟ್ಟಬೇಡಿ

ಕಂಪನಿಗಳ ತರಬೇತಿಯಲ್ಲಿ ಜನರನ್ನು ನಾಲ್ಕು ಬಗೆಯಾಗಿ ವಿಂಗಡಿಸುವುದುಂಟು. ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಮಾರ್ಸ್ಟನ್ 1928ರಲ್ಲಿ ಮುಂದಿಟ್ಟ ವಿಚಾರವೇ ಇಂದಿನ 'ಡಿಸ್ಕ್' ಪರೀಕ್ಷೆಗಳ ಬೇರು. ಪರೀಕ್ಷೆ ಮಾತ್ರ ಅವರದಲ್ಲ, ಆಮೇಲಿನವರು ಮಾಡಿಕೊಂಡದ್ದು. ನಮಗೆ ಪರೀಕ್ಷೆಯ ಅಗತ್ಯವೂ ಇಲ್ಲ. ನಾಲ್ಕು ನಡೆಗಳನ್ನು ಗುರುತಿಸಲು ಬಂದರೆ ಸಾಕು.

ನೇರದವರು: "ಈಗ ಏನ್ ಮಾಡ್ಬೇಕು ಹೇಳಿ" ಎಂದು ಶುರು ಮಾಡುತ್ತಾರೆ. ಹಿನ್ನೆಲೆ ಉದ್ದವಾದರೆ ಫೋನ್ ತೆಗೆಯುತ್ತಾರೆ.

ಮಾತಿನವರು: ಯೋಚನೆ ಮಾಡುವುದೇ ಮಾತಾಡುತ್ತಾ. ಒಂದು ವಿಷಯದಿಂದ ಇನ್ನೊಂದಕ್ಕೆ ಹಾರುತ್ತಾರೆ, ಆದರೆ ಸಪ್ಪೆಯಾಗಿದ್ದ ಮೀಟಿಂಗಿಗೆ ಜೀವ ಬರುವುದೂ ಇವರಿಂದಲೇ.

ಹೊಂದಿಕೆಯವರು: ಯಾರ ಮನಸ್ಸಿಗೂ ನೋವಾಗಬಾರದು. ಮೊದಲು ಉಳಿದವರ ಮುಖ ನೋಡಿ ಆಮೇಲೆ ಉತ್ತರ ಕೊಡುತ್ತಾರೆ. ಅಸಮ್ಮತಿ ಇದ್ದರೆ ಅದು ಬಾಯಿಂದ ಬರದೆ, ಕೆಲಸ ತಡವಾಗುವುದರಲ್ಲಿ ಕಾಣುತ್ತದೆ.

ಲೆಕ್ಕದವರು: "ಯಾವ ತಿಂಗಳ ಅಂಕಿ ಇದು?" ಎನ್ನುವವರು. ಖಾತ್ರಿಯಾಗದೆ ಹೂಂ ಎನ್ನುವುದಿಲ್ಲ. ಬೇರೆಯವರಿಗೆ ಇವರು ಅಡ್ಡಗಾಲು ಹಾಕುವವರಂತೆ ಕಂಡಾರು.

ಗುರುತು ಹಿಡಿಯಲು ಮೂರು ಮೀಟಿಂಗಿನಲ್ಲಿ ಮೂರು ಸಂಗತಿ ನೋಡಿ. ಅವರು ಕೇಳುವ ಮೊದಲ ಪ್ರಶ್ನೆ ಯಾವುದು (ಯಾವಾಗ, ಯಾರು, ಹೇಗೆ, ಎಷ್ಟು)? ಪ್ರಶ್ನೆ ಬಿದ್ದ ಮೇಲೆ ಉತ್ತರಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ? ತಮ್ಮ ಮಾತನ್ನು ಯಾರಾದರೂ ತಳ್ಳಿಹಾಕಿದರೆ ಏರು ದನಿಯಾಗುತ್ತಾರೋ, ನಕ್ಕು ವಿಷಯ ಬದಲಿಸುತ್ತಾರೋ, ಸುಮ್ಮನಾಗುತ್ತಾರೋ, ಪುಸ್ತಕ ತೆರೆಯುತ್ತಾರೋ? ಎರಡನೆಯ ಮತ್ತು ಮೂರನೆಯ ಮೀಟಿಂಗಿನಲ್ಲೂ ಅದೇ ನಡೆ ಕಂಡರೆ ನಂಬಿ. ಒಂದೇ ದಿನದ್ದನ್ನು ನಂಬಬೇಡಿ. ಮಳೆಗೆ ಕಣದ ಕಾಫಿ ನೆನೆದ ದಿನ ಯಾರೂ ತಮ್ಮ ಸ್ವಭಾವದಲ್ಲಿರುವುದಿಲ್ಲ.

ಪಟ್ಟಿ ಮಾಡಿ ಗೋಡೆಗೆ ಅಂಟಿಸುವ ಚಟ ಕೆಲವು ಕಡೆ ಇದೆ. ಅದು ಬೇಡ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಧ್ಯಾಪಕರು ತಮ್ಮ 39 ವಿದ್ಯಾರ್ಥಿಗಳಿಗೆ ಸ್ವಭಾವ ಪರೀಕ್ಷೆ ಕೊಟ್ಟು, ವಾರ ಬಿಟ್ಟು "ಇದು ನಿಮ್ಮದೇ ಫಲಿತಾಂಶ" ಎಂದು ಒಬ್ಬೊಬ್ಬರಿಗೂ ಒಂದೊಂದು ಹಾಳೆ ಹಂಚಿದರು. ಎಲ್ಲ ಹಾಳೆಯಲ್ಲಿ ಇದ್ದದ್ದು ಒಂದೇ ಬರಹ, ಅದರ ಹೆಚ್ಚಿನ ಸಾಲುಗಳು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡವು. ತಮಗೆ ಎಷ್ಟು ಹೊಂದುತ್ತದೆ ಎಂದು ವಿದ್ಯಾರ್ಥಿಗಳು 5ಕ್ಕೆ ಕೊಟ್ಟ ಸರಾಸರಿ ಅಂಕ 4.26. "ನೀವು ಲೆಕ್ಕದವರು" ಎಂದು ಯಾರಿಗೆ ಹೇಳಿದರೂ ಅವರು ಒಪ್ಪಿಬಿಡಬಹುದು, ಒಪ್ಪಿದ ಮೇಲೆ ಹಾಗೇ ನಡೆಯಲೂ ಶುರು ಮಾಡಬಹುದು. ಈ ನಾಲ್ಕು ಹೆಸರು ನಿಮ್ಮ ತಲೆಯೊಳಗೇ ಇರಲಿ.

2. ಹಿಂದಿನ ದಿನದ ಚೀಟಿ

ಮೀಟಿಂಗಿಗೆ 24 ಗಂಟೆ ಮುಂಚೆ ಒಂದು ಪುಟದ ಚೀಟಿ ಹೋಗಬೇಕು. ವಾಟ್ಸಾಪ್ ಗುಂಪಿಗೆ ಹಾಕುವುದಾದರೆ ಅಕ್ಷರದಲ್ಲೇ ಹಾಕಿ. ಮಲೆನಾಡಿನ ಎಷ್ಟೋ ತೋಟಗಳಲ್ಲಿ ಸಿಗ್ನಲ್ ಸಿಗುವುದು ಗೇಟಿನ ಹತ್ತಿರ ಮಾತ್ರ, ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಅಲ್ಲಿ ಸುತ್ತುತ್ತಲೇ ಇರುತ್ತದೆ. ಫೋನಿನಲ್ಲಿ ಓದುವ ಅಭ್ಯಾಸ ಇಲ್ಲದವರಿಗೆ ಪ್ರಿಂಟ್ ಕೊಡಿ, ಇಲ್ಲವೇ ಸಂಜೆ ಹಾಜರಿ ಹಾಕುವಾಗ ಓದಿ ಹೇಳಿ.

ಚೀಟಿಯಲ್ಲಿ ವಿಷಯದ ಹೆಸರು ಬರೆದರೆ ಸಾಲದು, ಪ್ರಶ್ನೆ ಬರೆಯಿರಿ. "ಕೊಯ್ಲಿನ ಬಗ್ಗೆ" ಎಂದರೆ ಮಾತಿನವರು ಕಳೆದ ವರ್ಷದ ಕೊಯ್ಲನ್ನೆಲ್ಲ ಬಿಚ್ಚುತ್ತಾರೆ, ಲೆಕ್ಕದವರು ಎಲ್ಲ ರಿಜಿಸ್ಟರೂ ಹೊತ್ತು ತರುತ್ತಾರೆ. "ಕೆಳಗಿನ ಬ್ಲಾಕಿನ ಅರೇಬಿಕಾ ಕಾಫಿ ಕೊಯ್ಲು ಈ ಸೋಮವಾರ ಶುರು ಮಾಡುವುದೋ, ಒಂದು ವಾರ ತಡೆಯುವುದೋ?" ಎಂದು ಬರೆದರೆ ಎಲ್ಲರ ತಲೆ ಒಂದೇ ಕಡೆ ತಿರುಗುತ್ತದೆ. ಅದರ ಕೆಳಗೆ ಆ ತೀರ್ಮಾನಕ್ಕೆ ಬೇಕಾದ ಮೂರೋ ನಾಲ್ಕೋ ಅಂಕಿ ಇರಲಿ. ಇಂಥ ಪ್ರಶ್ನೆ ಒಂದು ಮೀಟಿಂಗಿಗೆ ಮೂರು ಸಾಕು. ನಾಲ್ಕನೆಯದಕ್ಕೆ ಹೇಗೂ ಸಮಯ ಇರುವುದಿಲ್ಲ.

ಎಲ್ಲರಿಗೂ ಅದೇ ಚೀಟಿ, ಆದರೆ ಜೊತೆಗೆ ಮಾಡಬೇಕಾದ್ದು ಬೇರೆ ಬೇರೆ. ಲೆಕ್ಕದವರಿಗೆ ಅಂಕಿ ಎಲ್ಲಿಂದ ಬಂತು ಎಂಬುದನ್ನೂ ಕಳಿಸಿ. ಮೀಟಿಂಗಿನಲ್ಲಿ ಮೊದಲ ಸಲ ನೋಡಿದ ಅಂಕಿಗೆ ಅವರು ಸುಮ್ಮನೆ ತಲೆಯಾಡಿಸಲಾರರು, ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ನೇರದವರಿಗೆ ಚೀಟಿಯ ಮೊದಲ ಸಾಲಿನಲ್ಲೇ ಯಾವ ತೀರ್ಮಾನ ಬೇಕು ಎಂಬುದು ಕಾಣಬೇಕು, ಕೆಳಗಿನದನ್ನು ಅವರು ಓದಿದರೆ ಪುಣ್ಯ. ಮಾತಿನವರಿಗೆ ಒಂದು ಕೆಲಸ ಒಪ್ಪಿಸಿ: "ಆಳುಗಳ ವಿಷಯ ನೀವು ಐದು ನಿಮಿಷ ಹೇಳಿ."

ಹೊಂದಿಕೆಯವರಿಗೆ ಚೀಟಿಗಿಂತ ಒಂದು ಫೋನ್ ದೊಡ್ಡದು, ಎದುರಿಗೆ ಸಿಕ್ಕರೆ ಇನ್ನೂ ಒಳ್ಳೆಯದು. "ಇದರಲ್ಲಿ ನಿಮಗೇನು ಕಷ್ಟ ಕಾಣುತ್ತೆ?" ಎಂದು ಹಿಂದಿನ ದಿನವೇ ಒಬ್ಬರೇ ಇರುವಾಗ ಕೇಳಿ. ಅವರು ಹೇಳಿದ್ದನ್ನು ಮೀಟಿಂಗಿನಲ್ಲಿ ಹೆಸರು ಹಿಡಿದು ಎತ್ತಬಹುದೇ, ಹೆಸರಿಲ್ಲದೆ ಎತ್ತಬೇಕೇ ಎಂದೂ ಕೇಳಿಕೊಳ್ಳಿ. ಈ ಎರಡನೆಯ ಪ್ರಶ್ನೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಒಮ್ಮೆ "ಇವರೇ ಹೇಳಿದ್ರು" ಎಂದು ಹತ್ತು ಜನರ ಮುಂದೆ ಬೊಟ್ಟು ಮಾಡಿದರೆ ಮುಂದಿನ ಆರು ತಿಂಗಳು ಅವರಿಂದ ನಿಮಗೆ ಏನೂ ಸಿಗುವುದಿಲ್ಲ.

3. ಮಾತಿನ ಸರದಿ

ಕಾಫಿಯನ್ನು ಕೊನೆಯಲ್ಲಿ ಕೊಡುವ ಪದ್ಧತಿ ಬಿಟ್ಟು ಮೊದಲೇ ಕೊಡಿ. ಮದುವೆ, ಮಳೆ, ಮಾರ್ಕೆಟ್ ರೇಟು ಎಲ್ಲ ಆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಮಾತಿನವರಿಗೂ ಗಂಟಲು ತೆರೆದಂತಾಗುತ್ತದೆ. ಲೋಟ ಎತ್ತಿದ ಮೇಲೆ ಮೀಟಿಂಗು.

ಸಾಹುಕಾರರು, ಮ್ಯಾನೇಜರು, ಅಧ್ಯಕ್ಷರು, ಯಾರು ಮೇಲಿನವರೋ ಅವರು ಕೊನೆಗೆ ಮಾತಾಡಬೇಕು. ಮೊದಲೇ ಅವರು "ನನಗೆ ಸೋಮವಾರವೇ ಸರಿ ಅನ್ಸುತ್ತೆ" ಎಂದರೆ ಚರ್ಚೆ ಅಲ್ಲಿಗೆ ಮುಗಿಯಿತು, ಉಳಿದದ್ದು ಉಪಚಾರ. ಈ ಒಂದು ನಿಯಮವನ್ನು ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟ, ಆದರೆ ಉಳಿದ ಯಾವ ಉಪಾಯವೂ ಇದರಷ್ಟು ಫಲ ಕೊಡುವುದಿಲ್ಲ. ಮೇಲಿನವರೇ ನೇರದವರಾಗಿದ್ದರೆ ಹಿಂದಿನ ದಿನ ಹೀಗೆ ಹೇಳಿ ನೋಡಿ: "ಸಾರ್, ನೀವು ಕೊನೆಗೆ ಹೇಳಿದ್ರೆ ಮಾತು ಅಲ್ಲೇ ಫೈನಲ್ ಆಗುತ್ತೆ, ಇಪ್ಪತ್ತು ನಿಮಿಷ ಉಳಿಯುತ್ತೆ." ಸಮಯ ಉಳಿಯುತ್ತದೆ ಎಂಬ ಮಾತಿಗೆ ಅವರು ಒಪ್ಪುತ್ತಾರೆ.

ಪ್ರಶ್ನೆ ಓದಿದ ಕೂಡಲೇ ಚರ್ಚೆಗೆ ಬಿಡಬೇಡಿ. ಮೂರು ನಿಮಿಷ ಎಲ್ಲರೂ ಸುಮ್ಮನೆ ಕೂತು ತಮ್ಮ ತಮ್ಮ ಹಾಳೆಯಲ್ಲಿ ಎರಡು ಸಾಲು ಬರೆಯಲಿ, ಆಮೇಲೆ ಒಬ್ಬೊಬ್ಬರು ಒಂದೊಂದು ಅಂಶ ಓದಲಿ. ಅಷ್ಟರತನಕ ಪರ ವಿರೋಧ ಬೇಡ. ಡೆಲ್ಬೆಕ್ ಮತ್ತು ವಾನ್ ಡೆ ವೆನ್ ಎಂಬಿಬ್ಬರು 1971ರಲ್ಲಿ ರೂಪಿಸಿದ ಪದ್ಧತಿಯ ಸಣ್ಣ ರೂಪ ಇದು. ಎಲ್ಲರೂ ಒಟ್ಟಿಗೆ ಮಾತಾಡುವಾಗ ಒಬ್ಬರ ಸರದಿ ಮುಗಿಯುವಷ್ಟರಲ್ಲಿ ಇನ್ನೊಬ್ಬರ ಯೋಚನೆ ಹಾರಿಹೋಗುತ್ತದೆ. ಬರೆದಿಟ್ಟದ್ದು ಹಾರುವುದಿಲ್ಲ. ಬರೆಯಲು ಸಂಕೋಚ ಇರುವ ಮೇಸ್ತ್ರಿಗಳಿದ್ದರೆ ಕಾಗದ ಕೊಟ್ಟು ಪೇಚಿಗೆ ಸಿಕ್ಕಿಸಬೇಡಿ. ಪಕ್ಕದವರ ಜೊತೆ ಇಬ್ಬಿಬ್ಬರಾಗಿ ಎರಡು ನಿಮಿಷ ಮಾತಾಡಿಕೊಳ್ಳಲಿ, ಜೋಡಿಯಲ್ಲಿ ಒಬ್ಬರು ಹೇಳಲಿ.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಅಮೆರಿಕದ ತರಗತಿಗಳಲ್ಲಿ ಕಂಡದ್ದು: ಟೀಚರುಗಳು ಪ್ರಶ್ನೆ ಕೇಳಿ ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿಬಿಡದ ಮಕ್ಕಳೂ ಮಾತಾಡಿದರು. ಮೀಟಿಂಗಿನಲ್ಲಿ ಐದು ಎಣಿಸಿ. ಆ ಐದರೊಳಗೆ ಮಾತಿನವರು ಜಾಗ ತುಂಬಲು ಬರುತ್ತಾರೆ, ಅವರತ್ತ ಕೈ ತೋರಿಸಿ "ಒಂದ್ ನಿಮಿಷ" ಎಂದರೆ ಸಾಕು.

4. ಯಾರಿಗೆ ಯಾವ ಮಾತು

ನೇರದವರ ಜೊತೆ ಕಷ್ಟ ಕಡಿಮೆ. ಮೊದಲು ಉತ್ತರ, ಆಮೇಲೆ ಕಾರಣ, ಅದೂ ಎರಡೇ. "ಆಗಲ್ಲ" ಎಂದಷ್ಟೇ ಹೇಳಬೇಡಿ, "ಸೋಮವಾರ ಆಗಲ್ಲ, ಗುರುವಾರ ಆಗುತ್ತೆ" ಎನ್ನಿ. ಅವರ ದನಿ ಏರಿದರೆ ಅದನ್ನು ಬೈಗುಳ ಎಂದುಕೊಳ್ಳಬೇಕಿಲ್ಲ, ಹೆಚ್ಚಿನ ಸಲ ಅದು ಅವಸರ.

ಮಾತಿನವರನ್ನು ತಡೆಯುವಾಗ ಅವರ ಮಾತಿನಿಂದಲೇ ಒಂದನ್ನು ಎತ್ತಿಕೊಳ್ಳಿ: "ಲಾರಿ ವಿಷಯ ಹೇಳಿದ್ರಲ್ಲ, ಅದು ಮುಖ್ಯ. ಅದನ್ನ ಬರ್ಕೊಳ್ಳಾಣ, ಈಗ ಆಳಿನ ಲೆಕ್ಕಕ್ಕೆ ಬನ್ನಿ." ಬೋರ್ಡಿನ ಒಂದು ಮೂಲೆಯಲ್ಲಿ 'ಆಮೇಲೆ' ಎಂದು ಬರೆದು, ದಾರಿ ತಪ್ಪಿದ ವಿಷಯಗಳನ್ನು ಅಲ್ಲಿ ಹಾಕುತ್ತಾ ಹೋಗಿ. ಮೀಟಿಂಗು ಮುಗಿಯುವ ಮುನ್ನ ಅದನ್ನು ನಿಜಕ್ಕೂ ನೋಡಬೇಕು. ಇಲ್ಲದಿದ್ದರೆ ಮುಂದಿನ ಸಲ ಯಾರೂ ಆ ಮೂಲೆಯನ್ನು ನಂಬುವುದಿಲ್ಲ.

ಲೆಕ್ಕದವರ ವಿಷಯದಲ್ಲಿ ಆಗುವ ದೊಡ್ಡ ತಪ್ಪೆಂದರೆ ಅವರ ಪ್ರಶ್ನೆಯನ್ನು ವಿರೋಧ ಎಂದು ತಿಳಿಯುವುದು. ಹಾಲಿನ ಸಂಘದಲ್ಲಿ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಇಳಿದಿದೆ ಎಂಬ ಚರ್ಚೆ ಬಂತೆನ್ನಿ. ಕಾರ್ಯದರ್ಶಿ "ಬೆಳಿಗ್ಗೆ ಹಾಲಿಂದಾ, ಸಂಜೆ ಹಾಲಿಂದಾ? ಮಿಷನ್ ಕ್ಯಾಲಿಬ್ರೇಷನ್ ಯಾವಾಗ ಆಗಿತ್ತು?" ಎಂದು ಕೇಳಿದರೆ ಅದು ಕೊಂಕಲ್ಲ. ಎರಡಕ್ಕೂ ಉತ್ತರ ಸಿಗದೆ ರೈತರ ಮೇಲೆ ನೀರಿನ ಅನುಮಾನ ಹೊರಿಸಿದರೆ ನಾಳೆ ಡೇರಿ ಮುಂದೆ ಜಗಳ. ಇಂಥವರಿಗೆ ಗೊತ್ತಿದ್ದದ್ದು, ಗೊತ್ತಿಲ್ಲದ್ದು, ಅಂದಾಜು ಎಂದು ಬೇರೆ ಮಾಡಿ ಹೇಳಿ. "ಸುಮಾರು" ಎನ್ನುವುದಾದರೆ ಎಷ್ಟರಿಂದ ಎಷ್ಟು ಎಂದು ಹೇಳಿ. ಅವರೂ ಒಂದು ಗಡಿ ಒಪ್ಪಿಕೊಳ್ಳಬೇಕು: "ಯಾವ ಒಂದು ಅಂಕಿ ಸಿಕ್ಕಿದ್ರೆ ನೀವು ಹೂಂ ಅಂತೀರಾ?" ಎಂದು ಕೇಳಿ. ಉತ್ತರ ಬಂದರೆ ಅದನ್ನು ತರಿಸಿ, ಬರದಿದ್ದರೆ ಇರುವ ಮಾಹಿತಿಯಲ್ಲೇ ತೀರ್ಮಾನ ಮಾಡಿ ಅವರ ಅನುಮಾನವನ್ನು ನಡಾವಳಿಯಲ್ಲಿ ಒಂದು ಸಾಲು ಬರೆಸಿ. ಆ ಸಾಲು ಇದ್ದರೆ ಅವರು ಕೆಲಸಕ್ಕೆ ಕೈಜೋಡಿಸುತ್ತಾರೆ.

ಹೊಂದಿಕೆಯವರಿಗೆ "ಯಾರಿಗಾದ್ರೂ ತೊಂದ್ರೆ ಇದ್ಯಾ?" ಎಂಬ ಪ್ರಶ್ನೆ ಹಾಕಿ ಉಪಯೋಗ ಇಲ್ಲ, "ಇಲ್ಲ ಸಾರ್" ಎನ್ನುವುದೇ ಅದಕ್ಕೆ ಸಿಗುವ ಉತ್ತರ. ತೊಂದರೆ ಇದ್ದೇ ಇದೆ ಎಂದಿಟ್ಟುಕೊಂಡು ಕೇಳಿ: "ಇದು ಕೆಟ್ಟರೆ ಎಲ್ಲಿಂದ ಕೆಡುತ್ತೆ?" ಆಗ ತೊಂದರೆ ಹೇಳುವುದು ವಿರೋಧವಾಗುವುದಿಲ್ಲ, ಕೇಳಿದ್ದಕ್ಕೆ ಉತ್ತರವಾಗುತ್ತದೆ. ಗ್ಯಾರಿ ಕ್ಲೈನ್ 2007ರಲ್ಲಿ ವಿವರಿಸಿದ ಉಪಾಯವೂ ಇದೇ ಜಾಡಿನದು. ಕೆಲಸ ಶುರುವಾಗುವ ಮುಂಚೆಯೇ ಅದು ನೆಲಕಚ್ಚಿದೆ ಎಂದು ಊಹಿಸಿಕೊಂಡು, ಯಾಕೆ ಎಂಬುದನ್ನು ಎಲ್ಲರೂ ಬರೆಯುವುದು. "ನೋಡಾಣ ಸಾರ್" ಎಂದು ಯಾರಾದರೂ ಅಂದರೆ ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ.

ಎಲ್ಲರಿಗೂ ಹೇಳುವ ಅಂಕಿ, ದಿನ, ಷರತ್ತು ಒಂದೇ ಆಗಿರಬೇಕು. ಬದಲಾಗಬಹುದಾದ್ದು ಯಾವುದನ್ನು ಮೊದಲು ಹೇಳುತ್ತೀರಿ, ಎಷ್ಟು ಹೊತ್ತು ಹೇಳುತ್ತೀರಿ ಎಂಬುದಷ್ಟೇ. ತೋಟದ ಹಾಜರಿ ಬರೆಯುವ ರೈಟರಿಗೆ ಒಂದು, ಮೇಸ್ತ್ರಿಗೆ ಇನ್ನೊಂದು ಹೇಳಿದರೆ ಸಂಜೆ ಟೀ ಅಂಗಡಿಯಲ್ಲಿ ಎರಡೂ ಒಟ್ಟಿಗೆ ಕೂರುತ್ತವೆ.

5. ಒಂದು ಮೀಟಿಂಗು ಹತ್ತಿರದಿಂದ

ನವೆಂಬರ್, ಅರೇಬಿಕಾ ಹಣ್ಣಾಗುತ್ತಿದೆ. ಕೂತವರು ಮ್ಯಾನೇಜರು (ನೇರದವರು), ರೈಟರು (ಮಾತಿನವರು), ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್ ಮನೆಯ ಮೆಕ್ಯಾನಿಕ್ (ಹೊಂದಿಕೆಯವರು), ಅಕೌಂಟ್ಸ್ ನೋಡುವ ಮೇಡಂ (ಲೆಕ್ಕದವರು), ಇಬ್ಬರು ಮೇಸ್ತ್ರಿಗಳು. ಸಮಯ 40 ನಿಮಿಷ. ಪ್ರಶ್ನೆ ಮೇಲೆ ಹೇಳಿದ್ದೇ, ಸೋಮವಾರವೋ, ಒಂದು ವಾರ ಬಿಟ್ಟೋ.

ಚೀಟಿಯಲ್ಲಿರುವ ಅಂಕಿ ಹೀಗಿವೆ ಎನ್ನೋಣ: 50 ಆಳು, ಆಳಿಗೆ ದಿನಕ್ಕೆ 60 ಕೆ.ಜಿ. ಹಣ್ಣು, ಒಟ್ಟು 3,000 ಕೆ.ಜಿ. ಅಷ್ಟನ್ನೂ ಕೊಯ್ದ ದಿನವೇ ಪಲ್ಪರಿಗೆ ಹಾಕಬೇಕು, ರಾತ್ರಿ ಗುಡ್ಡೆ ಬಿದ್ದರೆ ಹಣ್ಣು ಹುಳಿತು ಕಾಫಿಯ ರುಚಿ ಕೆಡುತ್ತದೆ. ಒಣ ಪಾರ್ಚ್‌ಮೆಂಟ್ (ಹೊರಸಿಪ್ಪೆ ತೆಗೆದು ಒಣಗಿಸಿದ ಬೀಜ) ಹಣ್ಣಿನ ಐದರಲ್ಲಿ ಒಂದು ಪಾಲಿನಷ್ಟು ಎಂದು ಹಿಡಿದರೆ ದಿನಕ್ಕೆ 600 ಕೆ.ಜಿ. ಒಳ್ಳೆ ಬಿಸಿಲಿದ್ದರೆ ಒಣಗಲು 7ರಿಂದ 10 ದಿನ. ಅಂದರೆ ಮೊದಲ ದಿನದ್ದು ಕಣ ಬಿಡುವ ಹೊತ್ತಿಗೆ ಅದರ ಪಕ್ಕದಲ್ಲಿ ಇನ್ನೂ ಆರರಿಂದ ಒಂಬತ್ತು ದಿನದ್ದು ಹರಡಿರುತ್ತದೆ.

ಮೊದಲ ಐದು ನಿಮಿಷ: ಚೀಟಿ ಓದಿ, ಮೂರು ನಿಮಿಷ ಬರೆಯುವುದು. ಮೇಸ್ತ್ರಿಗಳಿಬ್ಬರೂ ತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ.

ಮುಂದಿನ ಹದಿನೈದು ನಿಮಿಷ, ಮೇಸ್ತ್ರಿಗಳಿಂದ ಸರದಿ. "ಕೆಳಗಿನ ಬ್ಲಾಕಲ್ಲಿ ಅರ್ಧಕ್ಕರ್ಧ ಇನ್ನೂ ಹಸಿರೈತೆ ಸಾರ್, ಮೇಲ್ಗಡೆದು ತಯಾರು." ರೈಟರು ಆಳಿನ ವಿಷಯ ಶುರು ಮಾಡಿ ಪಕ್ಕದ ತೋಟದವರ ಲಾರಿಗೆ ಹೋಗುತ್ತಾರೆ. ಲಾರಿ 'ಆಮೇಲೆ' ಮೂಲೆಗೆ. ಮೇಡಂ, "ಕಣದ ಲೆಕ್ಕ ಪೂರ್ತಿ ಬಿಸಿಲಿಗೆ ಹಾಕಿದ್ದು, ಮಳೆ ಬಂದ್ರೆ?" ಎನ್ನುತ್ತಾರೆ. ಮೆಕ್ಯಾನಿಕ್ ಓದುವುದು: "ಎಲ್ಲ ಸರಿ ಇದೆ."

ಇಲ್ಲಿ ಬಿಡಬಾರದು. "ಅಣ್ಣ, ಪಲ್ಪರು ಮೊದಲನೇ ದಿನವೇ ನಿಂತುಹೋಯ್ತು ಅಂದ್ಕೊಳ್ಳಿ. ಯಾವುದರಿಂದ ನಿಂತಿರುತ್ತೆ?" ಐದು ಎಣಿಸಿ. "ಬೆಲ್ಟು ಹಳೇದು ಸಾರ್. ಅಡ್ಜಸ್ಟ್‌ಮೆಂಟೂ ನೋಡ್ಬೇಕು, ಹೋದ್ಸಲ ಬೀಜ ಕಡೀತಿತ್ತು." ಮೀಟಿಂಗಿಗೆ ಬೇಕಾಗಿದ್ದದ್ದು ಈ ಎರಡು ವಾಕ್ಯ. ಮ್ಯಾನೇಜರು "ಮೊದಲೇ ಯಾಕೆ ಹೇಳ್ಲಿಲ್ಲ?" ಎನ್ನಲು ಬಾಯಿ ತೆರೆಯುತ್ತಾರೆ. ಅವರಿಗಿಂತ ಮುಂಚೆ ಮೀಟಿಂಗು ನಡೆಸುವವರು ಕೇಳಬೇಕು: "ಸರಿ ಮಾಡೋಕೆ ಎಷ್ಟು ದಿನ?" "ಬೆಲ್ಟ್ ತರಿಸಿದ್ರೆ ಎರಡು ದಿನ."

ಮುಂದಿನ ಹತ್ತು ನಿಮಿಷ ದಾರಿಗಳು: ಸೋಮವಾರ ಎಲ್ಲ ಕಡೆ, ವಾರ ಬಿಟ್ಟು ಎಲ್ಲ ಕಡೆ, ಇಲ್ಲವೇ ಗುರುವಾರ ಮೇಲಿನ ಬ್ಲಾಕಿನಿಂದ 25 ಆಳು ಹಾಕಿ ಶುರು. ಮ್ಯಾನೇಜರು ಕೊನೆಗೆ ಮಾತಾಡಿ ಮೂರನೆಯದನ್ನು ಆರಿಸುತ್ತಾರೆ. ಉಳಿದ ಹತ್ತು ನಿಮಿಷದಲ್ಲಿ ಟಾರ್ಪಾಲು, ಲಾರಿ, ಬೆಲ್ಟು, ಯಾರು ಯಾವಾಗ.

6. ಸುಮ್ಮನಿರುವುದು ಸ್ವಭಾವವಲ್ಲದಾಗ

ಹಾಸನದ ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಹೆಣ್ಣುಮಕ್ಕಳು ಪ್ರೊಡಕ್ಷನ್ ಮೀಟಿಂಗಿನಲ್ಲಿ ಬಾಯಿ ಬಿಡದಿದ್ದರೆ "ಇವರೆಲ್ಲ ಹೊಂದಿಕೆಯವರು" ಎಂದು ಬರೆದುಕೊಳ್ಳುವ ಮುಂಚೆ ಮೂರು ವಿಷಯ ನೋಡಿ. ಮೀಟಿಂಗು ಯಾವ ಭಾಷೆಯಲ್ಲಿದೆ? ಇಂಗ್ಲಿಷ್ ಹಿಂದಿ ಬೆರೆತಿದ್ದರೆ, ಅದೇ ಹೆಂಗಸು ಲೈನಿನಲ್ಲಿ 40 ಜನರನ್ನು ಗದರುತ್ತಾ ಕೆಲಸ ತೆಗೆಯುವುದನ್ನು ಒಮ್ಮೆ ನೋಡಿ ಬನ್ನಿ. ಮೀಟಿಂಗು ಎಷ್ಟು ಗಂಟೆಗಿದೆ? ಶಿಫ್ಟ್ ಮುಗಿದ ಮೇಲೆ ಇಟ್ಟರೆ ಎಲ್ಲರ ಕಣ್ಣು ಗೇಟಿನಲ್ಲಿ ನಿಂತ ಬಸ್ಸಿನ ಮೇಲೆ. ಹೊಳೆನರಸೀಪುರದ ಕಡೆಯ ಬಸ್ಸು ತಪ್ಪಿದರೆ ಮನೆ ಸೇರುವುದು ಯಾವಾಗ ಎಂದು ಯೋಚಿಸುವವರು ಟಾರ್ಗೆಟ್ ಬಗ್ಗೆ ವಾದ ಮಾಡುವುದಿಲ್ಲ. ಹಿಂದೆ ಮಾತಾಡಿದವರಿಗೆ ಏನಾಯಿತು? ಮಿಷನ್ ಕೆಟ್ಟ ವಿಷಯ ಎತ್ತಿದವರಿಗೇ ಬೈಗುಳ ಬಿದ್ದಿದ್ದರೆ ಉಳಿದವರು ಪಾಠ ಕಲಿತಿರುತ್ತಾರೆ.

ಈ ಮೂರರಲ್ಲಿ ಯಾವುದಿದ್ದರೂ ಸ್ವಭಾವದ ಉಪಾಯಗಳು ಕೆಲಸ ಮಾಡುವುದಿಲ್ಲ. ಭಾಷೆಯನ್ನು ಕನ್ನಡಕ್ಕೆ ತನ್ನಿ, ಕನ್ನಡ ಬಾರದ ಮೇಲಧಿಕಾರಿಗೆ ಪಕ್ಕದಲ್ಲೊಬ್ಬರು ಹೇಳಲಿ. ಸಮಯವನ್ನು ಶಿಫ್ಟಿನ ಒಳಗೇ ಇಡಿ. ಮೂರನೆಯದಕ್ಕೆ ಬೇಗದ ಮದ್ದಿಲ್ಲ. ಯಾರಾದರೂ ಕೆಟ್ಟ ಸುದ್ದಿ ತಂದಾಗ ಮೇಲಿನವರು "ಹೇಳಿದ್ದು ಒಳ್ಳೇದಾಯ್ತು" ಎಂದು ಎಲ್ಲರ ಮುಂದೆ ಅನ್ನುವುದನ್ನು ಕೆಲವು ತಿಂಗಳು ಸತತ ನೋಡಿದರೆ ಮಾತ್ರ ಜನ ನಂಬುತ್ತಾರೆ.

ಫೋನಿನಲ್ಲಿ ಸ್ಪೀಕರ್ ಹಾಕಿ ಸೇರಿಕೊಳ್ಳುವವರು ಇನ್ನೊಂದು ಗುಂಪು. ಮೇಜಿನ ಮೇಲಿರುವ ಫೋನನ್ನು ಹತ್ತು ನಿಮಿಷದಲ್ಲಿ ಎಲ್ಲರೂ ಮರೆಯುತ್ತಾರೆ. ಪ್ರತಿ ಪ್ರಶ್ನೆಗೂ ಲೈನಿನಲ್ಲಿರುವವರನ್ನೇ ಮೊದಲು ಹೆಸರು ಹಿಡಿದು ಕೇಳಿ.

7. ಏಳುವ ಮುನ್ನ, ಎದ್ದ ಮೇಲೆ

ತೀರ್ಮಾನವನ್ನು ಮೀಟಿಂಗು ನಡೆಸುವವರು ಓದಬಾರದು. ಕೆಲಸ ಒಪ್ಪಿಕೊಂಡವರೇ ತಮ್ಮ ಬಾಯಲ್ಲಿ ಹೇಳಲಿ: "ಬೆಲ್ಟು ನಾಳೆ ತರಿಸ್ತೀನಿ, ಬುಧವಾರ ಸಂಜೆಯೊಳಗೆ ಪಲ್ಪರ್ ಒಂದು ಸಲ ಓಡಿಸಿ ನೋಡ್ತೀನಿ." ಮಾತು ತೊದಲಿದರೆ ಅಲ್ಲೇ ತಡೆದು ಏನು ಬೇಕು ಎಂದು ಕೇಳಿ. ಅದೇ ಸಂಜೆ ಗುಂಪಿಗೆ ಚಿಕ್ಕ ಟಿಪ್ಪಣಿ ಹೋಗಲಿ. ಒಂದು ಸಾಲಿಗೆ ಒಂದು ಕೆಲಸ, ಒಂದು ಹೆಸರು, ಒಂದು ದಿನ. ಒಂದೇ ಕೆಲಸಕ್ಕೆ ಎರಡು ಹೆಸರು ಹಾಕಿದರೆ ಇಬ್ಬರೂ ಇನ್ನೊಬ್ಬರ ದಾರಿ ನೋಡುತ್ತಾರೆ.

ಆಮೇಲಿನ ವಿಚಾರಣೆಯೂ ಸ್ವಭಾವಕ್ಕೆ ತಕ್ಕಂತೆ ಇರಲಿ. ನೇರದವರಿಗೆ "ಆಯ್ತು" ಎಂಬ ಮೆಸೇಜ್ ಸಾಕು, ನಡುವೆ ವರದಿ ಕೊಡುತ್ತಾ ಕೂರಬೇಡಿ. ಲೆಕ್ಕದವರಿಗೆ ಅಂದಾಜು ಬದಲಾದ ದಿನವೇ ಹೊಸ ಅಂಕಿ ಕೊಡಿ. ಮಾತಿನವರಿಗೆ ಫೋನೇ ಮಾಡಬೇಕು, ಅವರು ಟಿಪ್ಪಣಿ ಓದಿರುವ ಭರವಸೆ ಇಲ್ಲ. ಹೊಂದಿಕೆಯವರ ಹತ್ತಿರ ಎರಡನೆಯ ದಿನ ನೀವೇ ಹೋಗಿ, ಪಲ್ಪರ್ ಮನೆಯ ಬಾಗಿಲಲ್ಲಿ ನಿಂತು ಕೇಳಿ. "ನಡೀತಿದೆ ಸಾರ್" ಎಂದರೆ "ಎಲ್ಲಿಗೆ ಬಂತು, ತೋರಿಸಿ ನೋಡಾಣ" ಎನ್ನಿ. ಬೆಲ್ಟು ಇನ್ನೂ ಬಂದಿಲ್ಲ ಎಂಬುದು ಆಗಲೇ ಗೊತ್ತಾಗುವುದು, ಕೊಯ್ಲಿಗೆ ಇನ್ನೂ ಒಂದು ದಿನ ಇರುವಾಗ.